ಜರ್ಮನಿಯ ಗೌಸ್ ಸಾಬರು

ಗೌಸ್ ಸಾಬರನ್ನು ಮೊದಲು ಕಂಡ ದಿನವೇ ನಿಂಗಮ್ಮ ಅವರ ಗೊಂಬೆಯ ದವಡೆ ಮುರಿದಳು. ಡಿಸೆಂಬರ್ ಎರಡನೇ ತಾರೀಕು, ಶನಿವಾರ, ಹೊತ್ತು ಮೂರೂವರೆ. ಮುರಿಯಬೇಕೆಂದು ಮುರಿದದ್ದಲ್ಲ. ಮುರಿದದ್ದಂತೂ ನಿಜ, ಅದನ್ನು ಅವಳು ಇವತ್ತಿಗೂ ಇಲ್ಲ ಅನ್ನುವುದಿಲ್ಲ.

ಮಗಳು ಸೌಜನ್ಯಾ ಅವಳನ್ನು ಕ್ರಿಸ್‌ಮಸ್ ಸಂತೆಗೆ ಕರೆದುಕೊಂಡು ಹೋಗಿದ್ದಳು. ನ್ಯೂ ಜೆರ್ಸಿಯ ಮಾರಿಸ್‌ಟೌನಿನ ಅವರ ಮನೆಯಿಂದ ಕಾರಲ್ಲಿ ಹದಿನೈದು ನಿಮಿಷ. ಒಂದು ಸಣ್ಣ ಊರು, ಅಲ್ಲಿನ ಫೈರ್ ಸ್ಟೇಷನ್ನಿನ ಪಾರ್ಕಿಂಗ್ ಲಾಟ್. ಬೆಂಕಿ ಆರಿಸುವ ಲಾರಿಗಳೆರಡನ್ನೂ ರಸ್ತೆಯಲ್ಲಿ ನಿಲ್ಲಿಸಿ, ಅವುಗಳ ಜಾಗದಲ್ಲಿ ಹದಿನಾಲ್ಕು ಮರದ ಅಂಗಡಿ ಕಟ್ಟಿದ್ದರು. ಒಂದೊಂದು ಅಂಗಡಿ ಯುರೋಪಿನ ಒಂದೊಂದು ದೇಶ. ಹದಿನಾಲ್ಕನೆಯದರಲ್ಲಿ ಮಾತ್ರ ಮನುಷ್ಯರಿರಲಿಲ್ಲ. ಹಿಮ ಕರಗಿಸುವ ಉಪ್ಪಿನ ಚೀಲಗಳನ್ನೂ ಎರಡು ಪೊರಕೆಯನ್ನೂ ಇಟ್ಟಿದ್ದರು. ಮೇಲೆ ಬೋರ್ಡು ಇತ್ತು.

ನಿಂಗಮ್ಮ ಒಂದನೆಯದರಿಂದ ಶುರು ಮಾಡಿದಳು. ಅದು ಸ್ಪೇನಿನ ಒಂದು ಸೀಮೆಯದು. ಮರದ ದಿಮ್ಮಿಗೆ ಕಣ್ಣು ಮೂಗು ಬರೆದು, ಕಂಬಳಿ ಹೊದಿಸಿ ಮಲಗಿಸಿದ್ದರು. ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದ ಮಕ್ಕಳು ಆ ದಿಮ್ಮಿಗೆ ದಿನಾ ಉಣ್ಣಿಸುತ್ತಾರಂತೆ. ಹಬ್ಬದ ದಿನ ದೊಣ್ಣೆ ಹಿಡಿದು ಬಡಿಯುತ್ತಾರಂತೆ. ಆಗ ಅದು ಮಿಠಾಯಿ ಹೇಲುತ್ತದಂತೆ. ಸೌಜನ್ಯಾ ಬೋರ್ಡು ಓದಿ ಹೇಳಿದ್ದನ್ನು ನಿಂಗಮ್ಮ ಎರಡು ಸಲ ಹೇಳಿಸಿಕೊಂಡಳು.

"ಉಣ್ಣಿಸ್ದೋರೇ ಬಡಿಯೋದಾ?"

"ಅವರೇ ಕಣವ್ವ," ಅಂದಳು ಮಗಳು.

ಮೂರನೆಯದು ಸ್ವೀಡನ್. ಅಲ್ಲೊಂದು ಹುಡುಗಿ ಬಿಳಿ ಲಂಗ ತೊಟ್ಟು ತಲೆ ಮೇಲೆ ಏಳು ದೀಪ ಹೊತ್ತು ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಬ್ಯಾಟರಿ ದೀಪ. ಐದನೆಯದು ಆಸ್ಟ್ರಿಯಾ. ಅದರ ಮುಂದೆ ಕೊಂಬಿನ ಭೂತವೊಂದು ಮೈತುಂಬ ಕೂದಲು, ಸೊಂಟದ ತುಂಬ ಗಂಟೆ, ಬೆನ್ನಿಗೊಂದು ಬುಟ್ಟಿ ಹಾಕಿಕೊಂಡು ತಿರುಗುತ್ತಿತ್ತು. ಬುಟ್ಟಿ ತುಂಟ ಮಕ್ಕಳನ್ನು ತುಂಬಿಕೊಂಡು ಹೋಗುವುದಕ್ಕೆ. ದೇವರೋ ದೆವ್ವವೋ, ಯಾವುದಕ್ಕೂ ಇರಲಿ ಎಂದು ನಿಂಗಮ್ಮ ಕೈ ಮುಗಿದಳು. ಭೂತ ಕೈಯಲ್ಲಿದ್ದ ಬರಲು ಕಡ್ಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೂ ಕೈ ಮುಗಿಯಿತು.

ಆರನೆಯದು ಪೋಲೆಂಡ್. ಅಷ್ಟು ಹೊತ್ತಿಗೆ ನಿಂಗಮ್ಮನ ಮಂಡಿ ಸೋತಿತ್ತು. ಅಂಗಡಿಯ ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಲೊಂದು ಖಾಲಿ ತಟ್ಟೆ, ಎದುರಿಗೆ ಒಂದು ಕುರ್ಚಿ. ಕುರ್ಚಿ ಇರುವುದು ಕೂರುವುದಕ್ಕೆ ಎಂದು ಅವಳು ಕೂತಳು. ಅಂಗಡಿಯ ಹೆಂಗಸು ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟಳು. ನಿಂಗಮ್ಮ ಗಾಬರಿಯಾಗಿ ಏಳಹೋದರೆ ಭುಜ ಒತ್ತಿ ಕೂರಿಸಿದಳು. ಆ ದೇಶದಲ್ಲಿ ಹಬ್ಬದ ಹಿಂದಿನ ರಾತ್ರಿ ಕರೆಯದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರಂತೆ. ಈ ಹೆಂಗಸು ಒಂಬತ್ತು ವರ್ಷದಿಂದ ಈ ಸಂತೆಯಲ್ಲಿ ತಟ್ಟೆ ಇಡುತ್ತಿದ್ದಾಳೆ, ಎಲ್ಲರೂ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಒಬ್ಬರಾದರೂ ಕೂತಿಲ್ಲ. ಬೀಟ್‌ರೂಟಿನ ಕೆಂಪು ಸಾರು, ಎಲೆಕೋಸು ತುಂಬಿದ ಆರು ಕಡುಬು ಬಡಿಸಿದಳು. ನಿಂಗಮ್ಮ ಆರನ್ನೂ ತಿಂದಳು. ಅವ್ವ ಊಟಕ್ಕೆ ಕೂತಿದ್ದಾಳಲ್ಲ ಎಂದು ಸೌಜನ್ಯಾ ಕಾಫಿ ತರಲು ಹೋದಳು.

ಉಂಡ ಮೇಲೆ ಎಲೆ ಅಡಿಕೆ ಬೇಕಲ್ಲ. ಸಂಚಿಯಲ್ಲಿ ನಮ್ಮವರ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸಿನಿಂದ ತಂದ ಎಲೆ ಇತ್ತು, ಸುಣ್ಣ ಇತ್ತು, ಒಣಗಿದ ಗೋಟಡಿಕೆ ಇತ್ತು. ಅಡಕತ್ತರಿ ಮಾತ್ರ ಮನೆಯಲ್ಲಿ ಉಳಿದಿತ್ತು. ಪಕ್ಕದ ಏಳನೇ ಅಂಗಡಿಯಲ್ಲಿ ಕೆಂಪು ಕೋಟಿನ ಮರದ ಸಿಪಾಯಿಗಳು ಬಾಯಿ ತೆರೆದು ಸಾಲಾಗಿ ನಿಂತಿದ್ದವು. ಬರುವಾಗ ಕಾರಿನಲ್ಲಿ ಸೌಜನ್ಯಾ ಹೇಳಿದ್ದಳು: ಅಲ್ಲಿ ನಟ್‌ಕ್ರ್ಯಾಕರ್ ಇರ್ತವೆ ಕಣವ್ವ, ಅಂದ್ರೆ ಅಡಿಕೆ ಒಡೆಯೋ ಗೊಂಬೆ. ಬಾದಾಮಿ, ಅಕ್ರೋಟು ಎಂದು ಬಿಡಿಸಿ ಹೇಳುವಷ್ಟು ಹೊತ್ತು ಮಗಳಿಗಿರಲಿಲ್ಲ, ಟ್ರಾಫಿಕ್ ಇತ್ತು. ನಿಂಗಮ್ಮ ಎದ್ದು ಹೋಗಿ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡ ಸಿಪಾಯಿಯನ್ನು ಆರಿಸಿ, ಬೆನ್ನಿನ ಹಿಡಿ ಎತ್ತಿ, ಬಾಯಿಗೆ ಅಡಿಕೆ ಇಟ್ಟು ಒತ್ತಿದಳು. ಲಟ್ ಎಂದಿತು. ಅಡಿಕೆ ಇಟ್ಟ ಹಾಗೇ ಇಡಿಯಾಗಿ ಕೆಳಗೆ ಬಿತ್ತು. ಅದರ ಹಿಂದೆ ದವಡೆಯೂ ಬಿತ್ತು.

ಅಂಗಡಿಯವನು ಹಸಿರು ಟೋಪಿಗೆ ಗರಿ ಸಿಕ್ಕಿಸಿಕೊಂಡ, ಬಿಳಿ ಗಡ್ಡದ ಮನುಷ್ಯ. ಮುಂದೆ ನಾಲ್ಕು ಗಿರಾಕಿಗಳಿದ್ದರು. ಅವನು ಎರಡು ಕೈ ಎತ್ತಿ, ಗಂಟಲಿನಿಂದ ಕಫ ಎಳೆಯುವಂಥ ದನಿಯಲ್ಲಿ ಗುಡುಗಿದ: "ಕೆಂಗ್‌ಗೇರಿ ಬಿಡ್ಡದೀ! ರಾಮ್‌ನಗ್ಗರ್ ಮದ್ದೂರ್!"

ಗಿರಾಕಿಗಳು ಜರ್ಮನ್ ಭಾಷೆಗೆ ಕೊಡಬೇಕಾದ ಗೌರವ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ನಿಂಗಮ್ಮ ಸರಿಯಲಿಲ್ಲ. ಬೆಂಗಳೂರಿಂದ ಮಂಡ್ಯಕ್ಕೆ ಕೆಂಪು ಬಸ್ಸಿನಲ್ಲಿ ಅವಳು ತಿರುಗಾಡಿದ್ದು ಒಂದೆರಡು ಸಲವಲ್ಲ.

"ನಡುವೆ ಚನ್ನಪಟ್ಣ ಬಿಟ್ಟೋಯ್ತಲ್ಲಪ್ಪಾ," ಅಂದಳು.

ಅವನ ಮುಖದ ಬಣ್ಣ ಹೋಯಿತು. ಬಿದ್ದ ದವಡೆ ಹುಡುಕುವವನ ಹಾಗೆ ಬಗ್ಗಿ, ಮೇಜಿನ ಕೆಳಗಿನಿಂದ ಹೇಳಿದ: "ಅವ್ವಾ, ದಮ್ಮಯ್ಯ, ಮೆಲ್ಲಗೆ. ಅದು ನಮ್ಮೂರು. ಅದಕ್ಕೇ ಬಿಡೋದು."

ಹೀಗೆ ಪರಿಚಯವಾಯಿತು.

ಗೌಸ್ ಸಾಬರು ಚನ್ನಪಟ್ಟಣದವರು. ತಾತ, ತಂದೆ, ಚಿಕ್ಕಪ್ಪ ಎಲ್ಲರೂ ಮರ ತಿರುಗಿಸಿ ಕಡೆಯುವ ಕಡಚಲು ಯಂತ್ರದ ಮುಂದೆ ಕೂತು ಅರಗಿನ ಗೊಂಬೆ ಮಾಡಿದವರು. ಸಾಬರು ಮೂವತ್ತನೇ ವಯಸ್ಸಿಗೆ ನ್ಯೂ ಜೆರ್ಸಿಗೆ ಬಂದು, ಅಡುಗೆಮನೆಯ ಬೀರು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಾಗಿಲು ಕೂಡಿಸಿದರು. ಅಷ್ಟೂ ವರ್ಷ ಅವರಿಗೆ ಗೊಂಬೆ ಮಾಡಲು ಬರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ. ಒಂದು ದಿನ ಪೇಪರಿನಲ್ಲಿ ನೋಡಿದರು: ಕ್ರಿಸ್‌ಮಸ್ ಸಂತೆಗೆ ಮರದ ಗೊಂಬೆ ಮಾಡುವವರು ಬೇಕು. ಅರ್ಜಿಯಲ್ಲಿ ಎ. ಗೌಸ್ ಎಂದು ಬರೆದು ಹಾಕಿದರು.

ಸಂತೆಯ ಯಜಮಾನ ಟೋನಿ ಅರ್ಜಿ ಓದಿ ಫೋನ್ ಮಾಡಿದ. ಗೌಸ್ ಎಂಬ ಹೆಸರಿನವರು ಜರ್ಮನಿಯಲ್ಲೂ ಇದ್ದಾರಂತೆ. ಕಾಗುಣಿತ ಬೇರೆ, ಕರೆಯುವುದು ಹೀಗೇ. ಟೋನಿ ಕೇಳಿದ್ದಕ್ಕೆಲ್ಲ ಸಾಬರು ಸತ್ಯವನ್ನೇ ಹೇಳಿದರು. ಹಳೇ ದೇಶದವರಾ? ಟೋನಿಯ ಲೆಕ್ಕದಲ್ಲಿ ಹಳೇ ದೇಶ ಎಂದರೆ ಯುರೋಪು. ಹೌದು, ಬಹಳ ಹಳೇ ದೇಶ. ಈ ಕಸುಬು ಅಲ್ಲಿಯದೇ? ಹೌದು, ಊರಿಗೆ ಊರೇ ಗೊಂಬೆ ಮಾಡುತ್ತದೆ. ತಾತನೂ ಮಾಡುತ್ತಿದ್ದರಾ? ತಾತನೂ ಮಾಡುತ್ತಿದ್ದರು. ಅಂಥ ಊರೊಂದು ಜರ್ಮನಿಯ ಬೆಟ್ಟಸೀಮೆಯಲ್ಲೂ ಇದೆಯೆಂದು ಸಾಬರಿಗೇನು ಗೊತ್ತು? ಟೋನಿ ಸಂತೋಷದಿಂದ ಏಳನೇ ಅಂಗಡಿ ಬರೆದುಕೊಟ್ಟ. ಡಿಸೆಂಬರ್ ಒಂದನೇ ತಾರೀಕು ಹೋಗಿ ನೋಡಿದರೆ ಮೇಲೆ ಜರ್ಮನಿ ಎಂದು ಬೋರ್ಡು. ಟೋನಿ ತಾನೇ ಕೈಯಾರೆ ಹಸಿರು ಟೋಪಿ ತಂದು ತಲೆಗಿಟ್ಟ. ಇಟ್ಟ ಟೋಪಿ ತೆಗೆಯುವುದು ಹೇಗೆ? ಹದಿನೈದು ವರ್ಷವಾದರೂ ಸಾಬರಿಗೆ ತಿಳಿಯಲಿಲ್ಲ. ಜರ್ಮನ್ ಮಾತಾಡಿ ಎಂದು ಗಿರಾಕಿಗಳು ಕೇಳಿದಾಗ ಬಾಯಿಗೆ ಬಂದದ್ದು ಬಸ್ ಕಂಡಕ್ಟರ್ ಕೂಗುತ್ತಿದ್ದ ಊರುಗಳು. ತಮ್ಮ ಊರಿನ ಹೆಸರು ಮಾತ್ರ ಅಲ್ಲಿ ಸೇರಿಸಲು ಅವರಿಗೆ ನಾಚಿಕೆ.

ಅವರ ಹೆಂಡತಿ ಗುಲ್ಶನ್ ಇದನ್ನೆಲ್ಲ ನಿಂಗಮ್ಮನಿಗೆ ಹೇಳಿದ್ದು ಪಾರ್ಸಿಪನಿಯ ಅವರ ಮನೆಯಲ್ಲಿ, ಟೀ ಸೋಸುತ್ತಾ. "ಹನ್ನೊಂದು ತಿಂಗ್ಳು ಚನ್ನಪಟ್ಣದಲ್ಲಿ ಸಂಸಾರ ಅಮ್ಮಾ, ಒಂದು ತಿಂಗ್ಳು ಜರ್ಮನಿಯಲ್ಲಿ. ನನಗೆ ವೀಸಾನೂ ಮಾಡಿಸ್ದೆ ಕರ್ಕೊಂಡೋಗಿದಾರೆ."

ನಿಂಗಮ್ಮ ಆ ಮನೆಗೆ ಹೋಗುವ ಹಾಗಾಗಿದ್ದು ದವಡೆಯ ದೆಸೆಯಿಂದ. ಮುರಿದದ್ದಕ್ಕೆ ಅವಳು ತಪ್ಪಾಯಿತು ಎಂದಿದ್ದಳು. ಆದರೆ ಅಡಿಕೆ ಒಡೆಯದ ಗೊಂಬೆಗೆ ಅಡಿಕೆ ಒಡೆಯುವ ಗೊಂಬೆ ಎಂದು ಹೆಸರಿಟ್ಟದ್ದು ಯಾರ ತಪ್ಪು ಎಂದೂ ಕೇಳಿದ್ದಳು. ಅದು ಶೋಕಿಗೆ ಅವ್ವಾ, ಬೀರುವಿನಲ್ಲಿ ನಿಲ್ಲಿಸೋದಕ್ಕೆ, ಎಲ್ಲಾ ಕಡೆಯೂ ಹೀಗೇ ಮಾಡ್ತಾರೆ ಎಂದರು ಸಾಬರು. ಅಡಕತ್ತರಿಯನ್ನು ಯಾರಾದರೂ ಶೋಕಿಗೆ ಮಾಡುತ್ತಾರೆಯೇ ಎಂದಳು ನಿಂಗಮ್ಮ. ಆ ಮಾತು ಸಾಬರಿಗೆ ನಿದ್ದೆ ಕೆಡಿಸಿತು. ಜನವರಿಯಲ್ಲಿ ಫೋನ್ ಮಾಡಿ, ನಿಮ್ಮ ಅಡಕತ್ತರಿ ಒಂದು ದಿನದ ಮಟ್ಟಿಗೆ ತನ್ನಿ ಎಂದು ಕೇಳಿದರು.

ಒಂದು ದಿನ ಹನ್ನೊಂದು ತಿಂಗಳಾಯಿತು. ಸೌಜನ್ಯಾ ಮಂಗಳವಾರ, ಗುರುವಾರ ಕೆಲಸಕ್ಕೆ ಹೋಗುವಾಗ ಅವ್ವನನ್ನು ಪಾರ್ಸಿಪನಿಯಲ್ಲಿ ಇಳಿಸಿ ಹೋಗುವಳು. ಸಾಬರ ಗರಾಜಿನಲ್ಲಿ ಕಾರಿನ ಜಾಗದಲ್ಲಿ ಕಡಚಲು ಯಂತ್ರ. ಊರಿನ ಹಾಲೆಮರ ಸಿಗದೆ ಇಲ್ಲಿನ ಮೇಪಲ್ ಮರದಲ್ಲಿ ಸಿಪಾಯಿ ಕಡೆಯುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಕರಗಿ ಹತ್ತುವುದು, ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಅಡಕತ್ತರಿಯ ಕೀಲು ಹೇಗೆ ಕೂರುತ್ತದೆ, ಅಲಗು ಎಷ್ಟು ಓರೆ, ಎಲ್ಲವನ್ನೂ ಅಳೆದು ಅಂಥದೇ ಕಬ್ಬಿಣದ ಕೀಲನ್ನು ಗೊಂಬೆಯ ಹೊಟ್ಟೆಯೊಳಗೆ ಕೂರಿಸುವರು. ನಿಂಗಮ್ಮ ಸ್ಟೂಲಿನ ಮೇಲೆ ಕೂತು ಅಡಿಕೆ ಇಟ್ಟು ಒತ್ತುವಳು. ದವಡೆ ಮುರಿಯುವುದು. ಮೂವತ್ತೆಂಟು ದವಡೆ ಮುರಿದವು. ಮೂವತ್ತೊಂಬತ್ತನೆಯದು ಸೆಪ್ಟೆಂಬರಿನ ಒಂದು ಗುರುವಾರ ಗೋಟಡಿಕೆಯನ್ನು ಸರಿಯಾಗಿ ಎರಡು ಹೋಳು ಮಾಡಿತು. ಸಾಬರು ಒಂದು ಹೋಳು ಬಾಯಿಗೆ ಹಾಕಿಕೊಂಡರು, ನಿಂಗಮ್ಮ ಇನ್ನೊಂದು. ಆ ವರ್ಷದ ಸಿಪಾಯಿಗಳಿಗೆಲ್ಲ ಅದೇ ಕೀಲು ಕೂತಿತು.

ಗರಾಜಿನಲ್ಲಿ ಇನ್ನೊಂದು ಬಗೆಯ ಗೊಂಬೆಯೂ ಇತ್ತು. ಜರ್ಮನಿಯಲ್ಲಿ ಹಬ್ಬದ ತಿಂಗಳು ಹೊಗೆ ಬಿಡುವ ಮುದುಕರನ್ನು ಕಿಟಕಿಯಲ್ಲಿಡುತ್ತಾರಂತೆ. ಹೊಟ್ಟೆ ಟೊಳ್ಳು, ಒಳಗೆ ಧೂಪ ಹಚ್ಚಿಟ್ಟರೆ ಬಾಯಿಂದ ಹೊಗೆ. ಬೇಟೆಗಾರ, ಕುರಿ ಕಾಯುವವನು, ಅಂಚೆಯವನು, ಎಲ್ಲರ ಕೈಯಲ್ಲೂ ಚುಟ್ಟದ ಕೊಳವೆ. ಸಾಬರು ಒಳಗೆ ಹಚ್ಚುತ್ತಿದ್ದದ್ದು ಮೈಸೂರಿನ ಗಂಧದ ಧೂಪ. ಜರ್ಮನಿಯ ಕಾಡಿನ ವಾಸನೆ ಎಂದು ಗಿರಾಕಿಗಳು ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದರು. ನಿಂಗಮ್ಮ ಅಂಚೆಯವನ ಹೊಗೆಯನ್ನು ಧೂಪ ಪೂರ್ತಿ ಉರಿಯುವವರೆಗೂ ನೋಡಿದಳು. "ನಮ್ಮೋರೂ ಹಿಂಗೇ ಕೂತಿರೋರು. ಬೀಡಿ," ಎಂದಳು.

ಅಕ್ಟೋಬರಿನಲ್ಲಿ ಟೋನಿಯ ಕಾಗದ ಬಂತು. ಈ ಸಲ ಸಂತೆಯಲ್ಲಿ ಅಸಲಿ ಇಲ್ಲದ್ದಕ್ಕೆ ಜಾಗವಿಲ್ಲ. ಮೊದಲನೇ ಶನಿವಾರ ಜರ್ಮನಿಯ ಗೊಂಬೆ ಮಾಡುವ ಊರಿನಿಂದಲೇ ಒಬ್ಬ ಹಿರಿಯಮ್ಮ ಅತಿಥಿಯಾಗಿ ಬರುತ್ತಾರೆ, ಪ್ರತಿ ಅಂಗಡಿ ನೋಡಿ ಹಸಿರು ಚೀಟಿ ಅಂಟಿಸುತ್ತಾರೆ. ಚೀಟಿ ಬೀಳದವರು ಅಂಗಡಿ ಬಿಡಬೇಕು. ಕೆಳಗೆ ಟೋನಿ ಕೈಬರಹದಲ್ಲಿ ಸೇರಿಸಿದ್ದ: ಗೌಸ್, ಕೊನೆಗೂ ನಿನಗೆ ನಿನ್ನ ಭಾಷೆ ಮಾತಾಡುವವರು ಸಿಕ್ಕರು.

ಸಾಬರು ಎರಡು ದಿನ ಗರಾಜಿಗೆ ಇಳಿಯಲಿಲ್ಲ. ಗುಲ್ಶನ್ ಮೊದಲ ಸಲ ತಮಾಷೆ ಬಿಟ್ಟು ಮಾತಾಡಿದಳು. ಆ ಅಂಗಡಿ ಹೋದರೆ ಇವರು ರಿಟೈರಾದ ಬಾಗಿಲು ಕೂಡಿಸೋನು ಅಷ್ಟೇ ಅಮ್ಮಾ, ಗೊಂಬೆ ಮಾಡೋನು ಅಂತ ಕರೆಯೋ ಜಾಗ ಇದೊಂದೇ, ಅಂದಳು. ಜರ್ಮನ್ ಕಲಿಯಲು ಸಾಬರು ಫೋನಿನಲ್ಲಿ ಪಾಠ ಹಾಕಿಕೊಂಡರು. ಒಂದು ತಿಂಗಳಲ್ಲಿ ಬಂದದ್ದು ಒಂದೇ ವಾಕ್ಯ: ನನ್ನ ಬೆಕ್ಕು ಹಾಲು ಕುಡಿಯುತ್ತದೆ. ಅವರಿಗೆ ಬೆಕ್ಕಿರಲಿಲ್ಲ. ನಿಂಗಮ್ಮ, ಸುಮ್ಮನೆ ನಿಜ ಹೇಳಿಬಿಡಿ ಎಂದಳು. ಹದಿನೈದು ವರ್ಷದಿಂದ ನಾನು ನಿಜ ಬಿಟ್ಟು ಏನೂ ಹೇಳಿಲ್ಲ ಅವ್ವಾ, ಅದರಿಂದಲೇ ಇಷ್ಟೆಲ್ಲ ಆದದ್ದು ಎಂದರು ಸಾಬರು.

ಆ ಶನಿವಾರ ನಿಂಗಮ್ಮ ಆರನೇ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಈಗ ಅದು ಅವಳದೇ ಕುರ್ಚಿ. ಕರೆಯದೆ ಬರುವ ಅತಿಥಿ ಎಂದು ಪೋಲೆಂಡಿನ ಹೆಂಗಸು ಎರಡು ಸಲ ಫೋನ್ ಮಾಡಿ ಕರೆದಿದ್ದಳು. ಜರ್ಮನಿಯ ಹಿರಿಯಮ್ಮನಿಗೆ ಎಂಬತ್ತರ ಮೇಲೆ ವಯಸ್ಸು, ಕೈಯಲ್ಲಿ ಕೋಲು. ಹಿಂದೆ ಟೋನಿ, ಚೀಟಿಗಳ ಸುರುಳಿ ಹಿಡಿದು. ಒಂದನೇ ಅಂಗಡಿಯಲ್ಲಿ ಹಿರಿಯಮ್ಮ ದೊಣ್ಣೆ ಕೇಳಿ ಪಡೆದು ದಿಮ್ಮಿಗೆ ಮೂರು ಏಟು ಬಿಗಿದು, ಕಂಬಳಿ ಎತ್ತಿ ನೋಡಿ, ಮಿಠಾಯಿ ಬಿದ್ದಿದ್ದರಿಂದ ಚೀಟಿ ಅಂಟಿಸಿದರು. ಆಸ್ಟ್ರಿಯಾದ ಭೂತ ಅವರನ್ನು ಹೆದರಿಸಿದ್ದಕ್ಕೆ ಅದರ ಎದೆಗೇ ಒಂದು ಅಂಟಿಸಿದರು. ಪೋಲೆಂಡಿನ ಸಾರಿಗೆ ಎರಡು ಚೀಟಿ.

ಏಳನೇ ಅಂಗಡಿಗೆ ಬಂದು ಸಾಬರ ಟೋಪಿ ನೋಡಿ ನಕ್ಕು, ಜರ್ಮನ್ ಭಾಷೆಯಲ್ಲಿ ಉದ್ದಕ್ಕೆ ಏನೋ ಕೇಳಿದರು. ಟೋನಿ ಆಸೆಯಿಂದ ಇಬ್ಬರ ಮುಖವನ್ನೂ ನೋಡಿದ. ಸಾಬರ ಗಡ್ಡ ಅಲುಗಿತು.

"ಕೆಂಗ್‌ಗೇರಿ," ಎಂದರು.

ಹಿರಿಯಮ್ಮ ಕಿವಿ ಮುಂದೆ ತಂದರು.

"ಬಿಡ್ಡದಿ." ದನಿ ಇಳಿಯಿತು. "ರಾಮನಗರ."

ಅಲ್ಲಿಗೆ ನಿಂತರು. ನಿಂಗಮ್ಮ ಚಮಚ ಕೆಳಗಿಟ್ಟಳು. ಬಸ್ಸು ಆ ನಿಲ್ದಾಣ ದಾಟಿ ಹೋಗುವುದೋ ನಿಲ್ಲುವುದೋ ಎಂದು ನೋಡುತ್ತಿದ್ದದ್ದು ಅಲ್ಲಿ ಅವಳೊಬ್ಬಳೇ.

"ಚನ್ನಪಟ್ಟಣ," ಎಂದರು ಸಾಬರು, ಕಫವಿಲ್ಲದ ಗಂಟಲಲ್ಲಿ. ಟೋಪಿ ತೆಗೆದು ಸಿಪಾಯಿಗಳ ಪಕ್ಕದಲ್ಲಿಟ್ಟರು. ಆಮೇಲೆ ಇಂಗ್ಲಿಷಿನಲ್ಲಿ, ಅದು ನಮ್ಮೂರು, ಇಂಡಿಯಾದಲ್ಲಿದೆ, ಊರಿಗೆ ಊರೇ ಗೊಂಬೆ ಮಾಡುತ್ತದೆ, ನನ್ನ ತಾತನೂ ಮಾಡುತ್ತಿದ್ದರು ಎಂದರು. ನನಗೂ ಇದನ್ನೇ ಹೇಳಿದ್ದ, ಅಕ್ಷರಕ್ಕೆ ಅಕ್ಷರ ಇದನ್ನೇ, ಎಂದು ಟೋನಿ ತಲೆ ಮುಟ್ಟಿಕೊಂಡ.

ಹಿರಿಯಮ್ಮ ಯಾರ ಕಡೆಗೂ ನೋಡಲಿಲ್ಲ. ಕೋಟಿನ ಜೇಬಿನಿಂದ ಒಂದು ಅಕ್ರೋಟು ತೆಗೆದು, ಹತ್ತಿರವಿದ್ದ ಸಿಪಾಯಿಯ ಬಾಯಿಗಿಟ್ಟು, ಹಿಡಿ ಒತ್ತಿದರು. ಟಕ್. ಎರಡು ಹೋಳು, ಒಳಗಿನ ತಿರುಳು ಪುಡಿಯಾಗದೆ ಇಡಿಯಾಗಿತ್ತು. ಇನ್ನೊಂದು ಸಿಪಾಯಿಗೆ ಇನ್ನೊಂದು ಅಕ್ರೋಟು. ಟಕ್. ಜೇಬಿನಲ್ಲಿದ್ದ ಐದೂ ಮುಗಿದವು. ಹಿರಿಯಮ್ಮ ತಿರುಳು ತಿನ್ನುತ್ತಾ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸೌಜನ್ಯಾ ತಾಯಿಯ ಕಿವಿಯಲ್ಲಿ ಕನ್ನಡ ಮಾಡಿದಳು. ಇವು ಖಂಡಿತ ಜರ್ಮನಿಯವಲ್ಲ. ನಾನು ಹೋದ ಊರಲ್ಲೆಲ್ಲ ಜೇಬಲ್ಲಿ ಅಕ್ರೋಟು ಇಟ್ಟುಕೊಂಡು ಹೋಗುತ್ತೇನೆ. ನಾನು ಕಂಡ ಜರ್ಮನಿಯ ಸಿಪಾಯಿ ಒಂದೂ ನಲವತ್ತು ವರ್ಷದಿಂದ ಏನನ್ನೂ ಒಡೆದಿಲ್ಲ, ಬೀರುವಿನಲ್ಲಿ ನಿಂತಿರುತ್ತವೆ. ಒಡೆಯುವುದರಿಂದಲೇ ಇದು ನಕಲಿ. ಚೀಟಿ ಕೊಡಲಾರೆ. ಆದರೆ ಈ ಮನುಷ್ಯನನ್ನು ಕಳಿಸಿದರೆ ಉಳಿದ ಅಂಗಡಿಗಳನ್ನು ನಾನು ನೋಡುವುದಿಲ್ಲ.

ಟೋನಿ ಚೀಟಿಗಳ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ. ಚೀಟಿ ಇಲ್ಲದೆ ಜರ್ಮನಿಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ, ಹಿರಿಯಮ್ಮನನ್ನು ಕಳಿಸಿಕೊಡುವ ಹಾಗೂ ಇಲ್ಲ. ಕಡೆಗೆ ಅವನ ಕಣ್ಣು ಸಂತೆಯ ಕೊನೆಗೆ, ಉಪ್ಪಿನ ಚೀಲದ ಅಂಗಡಿಗೆ ಹೋಯಿತು. ಲಿಕ್ಟನ್‌ಸ್ಟೈನ್ ಎಂದು ಬರೆದಿತ್ತು. ಹದಿನಾರು ವರ್ಷದಿಂದ ಆ ದೇಶದವರು ಎಂದು ಒಬ್ಬರೂ ಬಂದಿರಲಿಲ್ಲ. ಗೌಸ್, ಲಿಕ್ಟನ್‌ಸ್ಟೈನ್ ಆಗುತ್ತೀಯಾ ಎಂದು ಕೇಳಿದ. ಅದು ಎಲ್ಲಿದೆ ಎಂದರು ಸಾಬರು. ಟೋನಿಗೆ ಗೊತ್ತಿರಲಿಲ್ಲ. ಹಿರಿಯಮ್ಮನಿಗೆ ಗೊತ್ತಿತ್ತು, ಆದರೆ ಹೇಳಲಿಲ್ಲ. ಹದಿನಾಲ್ಕನೇ ಅಂಗಡಿಗೆ ತಾವೇ ನಡೆದು ಹೋಗಿ ಖಾಲಿ ಗೋಡೆಗೆ ಚೀಟಿ ಅಂಟಿಸಿ ಬಂದರು. ನಿಂಗಮ್ಮ ಒಂದು ಪೊರಕೆ ಹಿಡಿದಳು, ಪೋಲೆಂಡಿನ ಹೆಂಗಸು ಇನ್ನೊಂದು, ಭೂತ ಬೆನ್ನಿನ ಬುಟ್ಟಿಯಲ್ಲಿ ಉಪ್ಪಿನ ಚೀಲ ಹೊತ್ತು ಹಾಕಿತು. ಸಂಜೆ ಐದು ಗಂಟೆಯೊಳಗೆ ಸಿಪಾಯಿಗಳು ದೇಶ ಬದಲಾಯಿಸಿದರು.

ಹೊಸ ದೇಶ ಸಾಬರಿಗೆ ಹೊಸ ಚಿಂತೆ ತಂದಿತು. ಜರ್ಮನಿಗಾದರೆ ಟೋಪಿ ಇತ್ತು, ಈ ಊರಿಗೆ ಏನು ಹಾಕ್ಕೊಂಡು ನಿಲ್ತೀರಾ ಎಂದು ಗುಲ್ಶನ್ ಕೆಣಕಿದಳು. ಅಲ್ಲಿಯವರು ಹಬ್ಬಕ್ಕೆ ಏನು ಮಾಡುತ್ತಾರೆಂದು ಸಾಬರು ಊರಿನ ಲೈಬ್ರರಿಯಲ್ಲಿ ಕೇಳಿದರು, ಅವರಿಗೂ ತಿಳಿಯಲಿಲ್ಲ. ನಿಂಗಮ್ಮನಿಗೆ ಫೋನ್ ಮಾಡಿ ಕೇಳಿದರು.

"ನೋಡ್ದೋರು ಯಾರವ್ರೆ ಸಾಬ್ರೇ?" ಎಂದಳು ನಿಂಗಮ್ಮ. "ನೀವ್ ಮಾಡಿದ್ದೇ ಆ ಊರ್ದು."

ಅದಾದ ಮೇಲೆ ಈ ವರ್ಷವಿಡೀ ಮಂಗಳವಾರ, ಗುರುವಾರಗಳಲ್ಲಿ ಸಾಬರು ಕೆಲಸದ ನಡುವೆ ಒಂದೊಂದು ಮಾತು ಕೇಳುತ್ತಾ ಬಂದರು. ನಿಮ್ಮೋರು ಪಂಚೆ ಕಟ್ಟುತ್ತಿದ್ದರೋ, ಚೆಡ್ಡಿಯೋ? ಪಂಚೆ, ಮಂಡಿಯವರೆಗೆ ಎತ್ತಿ. ಹೆಗಲ ಮೇಲೆ? ಕೆಂಪು ಅಂಚಿನ ಟವಲು, ಬಲಕ್ಕೆ. ಮೀಸೆ? ಇತ್ತು, ಎಡಗಡೆ ಒಂದು ಚೂರು ಗಿಡ್ಡ. ಕೇಳಿದ್ದಕ್ಕೆ ಉತ್ತರ ಹೇಳುವುದು ನಿಂಗಮ್ಮನ ಪದ್ಧತಿ. ಯಾಕೆ ಕೇಳುತ್ತೀರಿ ಎಂದು ಅವಳು ಕೇಳಲಿಲ್ಲ. ಕಳೆದ ಗುರುವಾರ ಗರಾಜಿಗೆ ಹೋದಾಗ ಯಂತ್ರದ ಪಕ್ಕದಲ್ಲಿ ಗೇಣುದ್ದದ ಮುದುಕ ಕೂತಿದ್ದ. ಕಾಲು ಇಳಿಬಿಟ್ಟು, ಮರದ ಪುಟ್ಟ ಜಗಲಿಯ ಮೇಲೆ. ಪಂಚೆ ಮಂಡಿಗೆ, ಟವಲು ಬಲಕ್ಕೆ, ಮೀಸೆಯ ಎಡಗಡೆ ಒಂದು ಚೂರು ಗಿಡ್ಡ. ಹೊಟ್ಟೆ ಟೊಳ್ಳು. ತೋಳುಗಳು ಇನ್ನೂ ಬಿಡಿಯಾಗಿ ಮೇಜಿನ ಮೇಲಿದ್ದವು. ಬೋರ್ಡಿನ ಪ್ರಕಾರ ಲಿಕ್ಟನ್‌ಸ್ಟೈನಿನವನು.

ಜಗಲಿಯ ಕೆಳಗೆ ಹೆಸರು ಬರೆಯಬೇಕು, ಹೆಸರೇನು ಎಂದರು ಸಾಬರು. ಗಂಡನ ಹೆಸರನ್ನು ನಿಂಗಮ್ಮ ಬಾಯಲ್ಲಿ ಹೇಳಿದವಳಲ್ಲ. ಮೇಜಿನ ಮೇಲಿನ ಮರದ ಹೊಟ್ಟನ್ನು ಅಂಗೈಯಿಂದ ಹರಡಿ, ಬೆರಳಿನಲ್ಲಿ ಒಂದೊಂದೇ ಅಕ್ಷರ ಎಳೆದಳು. ಅಮರೇ ಆಯಿತು. ಶಕ್ಕೆ ವ ಒತ್ತು ಕೊಡಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ತಡೆದು, ಕೊಟ್ಟು, ಕೊನೆಯ ರ ಎಳೆದಳು. ಸಾಬರು ಅದನ್ನು ಇದ್ದ ಹಾಗೇ ಕಾಗದಕ್ಕೆ ಇಳಿಸಿಕೊಂಡರು.

ಆಮೇಲೆ ಎರಡು ತೋಳನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿದರು. ಮೊಳೆಗಿಂತ ಸಣ್ಣದೊಂದು ಬೀಡಿ ಮೇಜಿನ ಮೇಲಿತ್ತು, ತುದಿಗೆ ಕೆಂಪು ಅರಗು. ಒಂದು ಸಲ ತೂತು ಕೊರೆದರೆ ಬದಲಾಯಿಸಲು ಬರುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ ಎಂದರು.

"ಅವ್ವಾ, ನಿಮ್ಮೋರು ಬೀಡಿ ಯಾವ ಕೈಯಲ್ಲಿ ಹಿಡೀತಿದ್ರು?"